ಡೋರ್ ಸ್ಪೀಕರ್ ಕರಕರ ಅಂದರೆ ಹೊಸದು ತರಬೇಡಿ, ಮೊದಲು ತಪ್ಪು ಹುಡುಕಿಸಿ

ಪಿಕಪ್ ಗಾಡಿಯ ಬಾಗಿಲಲ್ಲಿರುವ ಸ್ಪೀಕರ್ ಒಡೆದ ದನಿಯಲ್ಲಿ ಕರಕರ ಅನ್ನಲು ಶುರು ಮಾಡಿದರೆ ನಮ್ಮ ಕಡೆ ಡ್ರೈವರ್‌ಗಳು ಮಾಡುವುದು ಎರಡೇ ಕೆಲಸ. ಒಂದು, ಸೌಂಡ್ ಇನ್ನಷ್ಟು ಏರಿಸುವುದು. ಇನ್ನೊಂದು, ರಾಯಚೂರಿಗೆ ಹತ್ತಿ ಹಾಕಲು ಹೋದಾಗ ಯಾವುದೋ ಅಂಗಡಿ ಮುಂದೆ ಗಾಡಿ ನಿಲ್ಲಿಸಿ "ಸ್ಪೀಕರ್ ಹೋಗ್ಯಾವ, ಹೊಸಾವು ಹಾಕ್ರಿ" ಅನ್ನುವುದು. ಮೊದಲನೆಯದು ಸ್ಪೀಕರನ್ನು ಕೊಲ್ಲುತ್ತದೆ. ಎರಡನೆಯದು ಜೇಬನ್ನು ಕೊಲ್ಲುತ್ತದೆ. ಎಷ್ಟೋ ಸಲ ಹೊಸ ಜೋಡಿ ಹಾಕಿಸಿಕೊಂಡು ಗಬ್ಬೂರು ಮುಟ್ಟುವುದರೊಳಗೆ ಅದೇ ಕರಕರ ಮತ್ತೆ ಶುರುವಾಗಿರುತ್ತದೆ. ಯಾಕೆಂದರೆ ತಪ್ಪು ಸ್ಪೀಕರಿನಲ್ಲಿ ಇರಲೇ ಇಲ್ಲ.

ಇದೇನು ದೊಡ್ಡ ವಿಷಯ, ಹಾಡು ಕೇಳುವ ಶೋಕಿಗೆ ಒಂದು ಲೇಖನವಾ ಅಂತ ಕೆಲವರು ಕೇಳಬಹುದು. ಈಗ ಗಾಡಿಯ ಸ್ಪೀಕರ್ ಬರೀ ಹಾಡಿಗಲ್ಲ. ಫೋನ್ ಬ್ಲೂಟೂತಿಗೆ ಜೋಡಿಸಿ ಅದರಲ್ಲೇ ವ್ಯವಹಾರ ನಡೆಯುತ್ತದೆ. ಬ್ಯಾಡಗಿಗೆ ಮೆಣಸಿನಕಾಯಿ ಹೊತ್ತುಕೊಂಡು ರಾತ್ರಿಯೆಲ್ಲ ಹೋಗುವವನಿಗೆ ದಲಾಲಿ ಅಂಗಡಿಯವರ ದನಿ ಬರುವುದು ಆ ಬಾಗಿಲಿನಿಂದಲೇ. ಬಾಡಿಗೆ "ಎಂಟು" ಅಂದರೋ "ಎಂಟೂವರೆ" ಅಂದರೋ ಗೊತ್ತಾಗದಿದ್ದರೆ ಅವನು ಏನು ಮಾಡುತ್ತಾನೆ? ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದು ಕೈಯಲ್ಲಿ ಫೋನ್ ಕಿವಿಗೆ. ಅದು ಶೋಕಿಯ ಮಾತಲ್ಲ.

ನನ್ನ ವಾದ ಒಂದೇ. ಸ್ಪೀಕರ್ ಕೆಟ್ಟಿದೆ ಅನ್ನುವ ಮೊದಲು ತಪ್ಪು ಎಲ್ಲಿದೆ ಅಂತ ಹುಡುಕಬೇಕು. ಹುಡುಕುವ ಕೆಲಸಕ್ಕೆ ನಾವು ದುಡ್ಡು ಕೊಡಲು ಕಲಿಯಬೇಕು. ಹೇಗೆ ಹುಡುಕುವುದು ಅನ್ನುವುದನ್ನೂ ಹೇಳುತ್ತೇನೆ. ಅರ್ಧಕ್ಕರ್ಧ ಪರೀಕ್ಷೆ ಒಂದು ಸ್ಕ್ರೂಡ್ರೈವರ್ ಕೂಡ ಇಲ್ಲದೆ ಮುಗಿಯುತ್ತದೆ.

ಗಾಡಿ ನಿಲ್ಲಿಸಿ, ಇಂಜಿನ್ ಬಂದ್ ಮಾಡಿ. ಸೆಟ್ಟಿನ ಸೌಂಡ್ ಅರ್ಧಕ್ಕೆ ಇಳಿಸಿ. ಬಾಸ್, ಟ್ರೆಬಲ್ ಎರಡನ್ನೂ ಸೊನ್ನೆಗೆ ತನ್ನಿ, ಲೌಡ್‌ನೆಸ್ ಆಫ್ ಮಾಡಿ. ಫೋನಿನಲ್ಲಿ ಈಕ್ವಲೈಜರ್ ಅಂತ ಒಂದು ಇರುತ್ತದೆ, ಹುಡುಗರು ಅದನ್ನು ಪೂರ್ತಿ ಏರಿಸಿಟ್ಟಿರುತ್ತಾರೆ. ಅದನ್ನೂ ತೆಗೆಯಿರಿ. ಆಮೇಲೆ ಹಾಡು ಬಿಟ್ಟು ರೇಡಿಯೋ ಹಚ್ಚಿ. ರಾಯಚೂರು ಆಕಾಶವಾಣಿಯಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಇನ್ನೂ ಒಳ್ಳೆಯದು. ಮನುಷ್ಯನ ದನಿ ಹೇಗಿರಬೇಕು ಅಂತ ನಮ್ಮ ಕಿವಿಗೆ ಗೊತ್ತು. ಡಿಜೆ ಹಾಡಿನಲ್ಲಿ ಒಡಕು ಹಾಡಿನದೋ ಸ್ಪೀಕರಿನದೋ ತಿಳಿಯುವುದಿಲ್ಲ. ಈಗಿನ ಕೆಲವು ಹಾಡುಗಳನ್ನು ರೆಕಾರ್ಡ್ ಮಾಡುವಾಗಲೇ ಒಡೆಸಿರುತ್ತಾರೆ. ಅದಕ್ಕೆ ಯಾವ ಮೆಕ್ಯಾನಿಕ್ಕೂ ಏನೂ ಮಾಡಲಾರ.

ರೇಡಿಯೋ ದನಿ ಚೆನ್ನಾಗಿದ್ದು ಫೋನಿನ ದನಿ ಮಾತ್ರ ಒಡೆದರೆ ಸ್ಪೀಕರಿಗೆ ಕೈ ಹಚ್ಚಬೇಡಿ. ತಪ್ಪು ಫೋನಿನಲ್ಲಿ, ಇಲ್ಲವೇ ಹಾಡಿನ ಫೈಲಿನಲ್ಲಿ.

ಎರಡೂ ಒಡೆದರೆ ಸೆಟ್ಟಿನಲ್ಲಿ ಬ್ಯಾಲೆನ್ಸ್ ಅಂತ ಇರುತ್ತದಲ್ಲ, ಅದನ್ನು ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ. ಆಮೇಲೆ ಪೂರ್ತಿ ಬಲಕ್ಕೆ. ಎರಡೂ ಬಾಗಿಲು ಒಂದೇ ಥರ ಒಡೆದ ದನಿ ಕೊಟ್ಟರೆ ಎರಡೂ ಸ್ಪೀಕರ್ ಒಂದೇ ದಿನ ಸತ್ತಿವೆ ಅಂತ ನಂಬುವುದು ಕಷ್ಟ. ಆಗ ಅನುಮಾನ ಸೆಟ್ಟಿನ ಮೇಲೆ. ಒಂದೇ ಬಾಗಿಲು ಕರಕರ ಅಂದರೆ ಮಾತ್ರ ಆ ಬಾಗಿಲಿನ ಹತ್ತಿರ ಹೋಗಿ.

ಹೋದ ಕೂಡಲೇ ಬಿಚ್ಚಬೇಡಿ. ದನಿ ಬರುತ್ತಿರುವಾಗಲೇ ಬಾಗಿಲನ್ನು ನಿಧಾನಕ್ಕೆ ತೆರೆಯಿರಿ, ನಿಧಾನಕ್ಕೆ ಮುಚ್ಚಿ. ದನಿ ಹೋಗಿ ಬಂದು ಮಾಡಿದರೆ, ಚರ್ ಚರ್ ಅಂದರೆ, ಕಳ್ಳ ಸಿಕ್ಕ ಹಾಗೆ. ಬಾಗಿಲು ಮತ್ತು ಬಾಡಿ ಸೇರುವ ಕೀಲಿನ ಹತ್ತಿರ ವೈರ್ ಮುರಿದಿದೆ. ಪಿಕಪ್‌ಗಳಲ್ಲಿ ಇದು ಬಹಳ. ಮನೆಯ ಕಾರಿನ ಬಾಗಿಲು ದಿನಕ್ಕೆ ನಾಲ್ಕು ಸಲ ತೆರೆದರೆ ಹೆಚ್ಚು. ಗೊಬ್ಬರದ ಚೀಲ, ಕಾಯಿಪಲ್ಲೆ, ಸಿಮೆಂಟು ಅಂತ ಊರೂರು ತಿರುಗುವ ಗಾಡಿಯ ಬಾಗಿಲು ಬೆಳಗಿನಿಂದ ಸಂಜೆವರೆಗೆ ಎಷ್ಟು ಸಲ ಬಡಿಯುತ್ತದೆ ಅಂತ ಡ್ರೈವರಿಗೇ ಲೆಕ್ಕ ಇರುವುದಿಲ್ಲ. ತಾಮ್ರದ ಎಳೆಗಳು ಮಡಚಿ ಮಡಚಿ ಒಂದೊಂದಾಗಿ ಮುರಿಯುತ್ತವೆ. ಹೊರಗಿನ ಪ್ಲಾಸ್ಟಿಕ್ ಮಾತ್ರ ಸರಿಯಾಗಿ ಕಾಣುತ್ತದೆ. ಅಂಗಡಿಯವರು ಸ್ಪೀಕರ್ ಬದಲಿಸಿದರೂ ವೈರ್ ಅದೇ ಹಳೆಯದು.

ಈ ವೈರ್ ಸುಲಿದು ಬಾಡಿಯ ತಗಡಿಗೆ ತಾಗಿದರೆ ಇನ್ನೂ ಅಪಾಯ. ಹೆಡ್‌ಲೈಟಿಗೆ ಒಂದು ವೈರ್ ಸಾಕು, ಇನ್ನೊಂದು ಬಾಡಿಯಲ್ಲೇ ಅರ್ಥ್ ಸಿಗುತ್ತದೆ ಅಂತ ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ರೂಢಿ. ಈಗಿನ ಸೆಟ್ಟುಗಳಲ್ಲಿ ಸ್ಪೀಕರಿನ ಎರಡೂ ವೈರ್ ಜೀವಂತ, ಮೈನಸ್ ಅಂತ ಬರೆದದ್ದೂ ಬಾಡಿಗೆ ತಾಗಕೂಡದು. ತಾಗಿದರೆ ದನಿ ಒಡೆಯುತ್ತದೆ, ಸೆಟ್ಟು ತಾನೇ ಬಂದ್ ಆಗುತ್ತದೆ, ಕೆಲವೊಮ್ಮೆ ಒಳಗಿನ ಐಸಿ ಸುಟ್ಟೇ ಹೋಗುತ್ತದೆ. ಹಳೇ ಟೇಪಿನ ಕಾಲದ ರೂಢಿಯಲ್ಲಿ "ಮೈನಸ್ ಬಾಡಿಗೆ ಕೊಡ್ರಿ" ಅನ್ನುವವರ ಕೈಗೆ ಗಾಡಿ ಕೊಡಬೇಡಿ.

ಬಾಗಿಲು ಅಲ್ಲಾಡಿಸಿದರೂ ವ್ಯತ್ಯಾಸ ಇಲ್ಲವೆಂದರೆ ಅಂಗೈಯಿಂದ ಬಾಗಿಲ ಒಳಗಿನ ಹೊದಿಕೆಯನ್ನು ಅಲ್ಲಲ್ಲಿ ಒತ್ತಿ ಹಿಡಿದು ನೋಡಿ. ಒತ್ತಿದಾಗ ಗುರ್ ಅನ್ನುವುದು ನಿಂತರೆ ಅದು ಸ್ಪೀಕರಿನ ಒಡಕೇ ಅಲ್ಲ, ಸಡಿಲ ಕ್ಲಿಪ್ಪಿನ ಅಥವಾ ಸ್ಕ್ರೂವಿನ ನಡುಕ. ದೇವದುರ್ಗದ ಕಡೆಯ ಹಳ್ಳಿ ರಸ್ತೆಗಳಲ್ಲಿ ಓಡಿದ ಗಾಡಿಗೆ ಕ್ಲಿಪ್ಪು ಸಡಿಲಾಗುವುದೇನು ಆಶ್ಚರ್ಯವಲ್ಲ. ಹೊದಿಕೆಯ ಹಿಂದೆ ಒಂದು ಫೋಮ್ ತುಂಡು, ಒಂದು ಹೊಸ ಕ್ಲಿಪ್ಪು. ಮುಗಿಯಿತು.

ಇಷ್ಟು ಮಾಡಿದ ಮೇಲೂ ಗೊತ್ತಾಗದಿದ್ದರೆ ಆಗ ಬಿಚ್ಚಬೇಕು. ವೈರ್ ಕತ್ತರಿಸುವುದಿದ್ದರೆ ಬ್ಯಾಟರಿಯ ಮೈನಸ್ ತೆಗೆದಿಟ್ಟು ಶುರು ಮಾಡಿ. ಹಳದಿ ಬಣ್ಣದ ಕನೆಕ್ಟರ್ ಎಲ್ಲಾದರೂ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

ಸ್ಪೀಕರ್ ಹೊರಗೆ ಬಂದ ಮೇಲೆ ಎಡದ್ದನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಜೋಡಿಸಿ ಕೇಳಿ. ನನ್ನ ಪ್ರಕಾರ ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಇದೇ. ಕರಕರ ಸ್ಪೀಕರಿನ ಜೊತೆ ಇನ್ನೊಂದು ಬಾಗಿಲಿಗೆ ಹೋದರೆ ಸ್ಪೀಕರ್ ಕೆಟ್ಟಿದೆ. ಕರಕರ ಅದೇ ಬಾಗಿಲಲ್ಲಿ ಉಳಿದರೆ ವೈರ್ ಅಥವಾ ಸೆಟ್ಟು. ಈ ಪರೀಕ್ಷೆ ಮಾಡದೆ "ಸ್ಪೀಕರ್ ಹೋಗ್ಯಾದ" ಅಂತ ಹೇಳುವವರು ಊಹೆ ಮಾಡುತ್ತಿದ್ದಾರೆ, ಅಷ್ಟೇ. ಆ ಊಹೆಯ ಖರ್ಚು ನಿಮ್ಮದು.

ಸ್ಪೀಕರೇ ಕೆಟ್ಟಿದೆ ಅಂತ ಖಾತ್ರಿಯಾದರೂ ಎಸೆಯಲು ಅವಸರ ಬೇಡ. ಅದರ ಒಳಗಿರುವುದು ಬಹಳ ಸರಳ ವಸ್ತು. ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ಕುಣಿಯುವ ತಾಮ್ರದ ಸುರುಳಿ, ಸುರುಳಿಗೆ ಅಂಟಿದ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಕೋನ್, ಕೋನಿನ ಸುತ್ತ ಮೆತ್ತನೆಯ ಅಂಚು. ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಅನ್ನುವ ಇಬ್ಬರು ಎಂಜಿನಿಯರುಗಳು 1925ರಲ್ಲಿ ಜಗತ್ತಿಗೆ ತೋರಿಸಿಕೊಟ್ಟ ವಿನ್ಯಾಸವೇ ಇವತ್ತಿಗೂ ನಮ್ಮ ಬೊಲೆರೊ ಪಿಕಪ್, ಟಾಟಾ ಏಸ್ ಬಾಗಿಲಲ್ಲಿ ಕೂತಿದೆ. ನೂರು ವರ್ಷದ ಹಳೆಯ ವಿದ್ಯೆ. ನಮ್ಮ ಐಟಿಐ ಹುಡುಗರಿಗೆ ಇದು ಅರ್ಥವಾಗುವುದಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ನಾಲ್ಕು ಬೆರಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು ಮೆಲ್ಲಗೆ ಒಳಗೆ ಒತ್ತಿ, ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಸುರುಳಿ ಆರೋಗ್ಯವಾಗಿದೆ. ಕರ್ ಅಂತ ಉಜ್ಜಿದರೆ ಸುರುಳಿ ಸುಟ್ಟು ಉಬ್ಬಿದೆ, ಇಲ್ಲವೇ ಸಂದಿನಲ್ಲಿ ಕಸ ಸೇರಿದೆ. ನಮ್ಮ ಎರೆಮಣ್ಣಿನ ಸಣ್ಣ ಧೂಳು ಯಾವ ಸಂದಿಗೂ ಹೋಗುತ್ತದೆ. ಅದರ ಜೊತೆಗೆ ಬಾಗಿಲ ಒಳಗೆ ತುಕ್ಕು ಹಿಡಿದ ತಗಡಿನ ಪುಡಿಯನ್ನು ಅಯಸ್ಕಾಂತವೇ ಕರೆದು ಕೂರಿಸಿಕೊಳ್ಳುತ್ತದೆ. ಕಸ ಹೊರಗಡೆ ಕಂಡರೆ ಅಂಟು ಟೇಪನ್ನು ಮಡಚಿ ಅದರ ಅಂಚಿನಿಂದ ಎತ್ತಬಹುದು. ಗಾಳಿ ಹೊಡೆಯಲು ಹೋಗಬೇಡಿ, ಕಸ ಇನ್ನೂ ಒಳಗೆ ಹೋಗುತ್ತದೆ, ಕೋನ್ ಹರಿಯಲೂಬಹುದು.

ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಸ್ಪೀಕರಿನ ಎರಡು ತುದಿಗೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಸದ್ದಾಗಿ ಕೋನ್ ಅಲ್ಲಾಡಬೇಕು. ಪ್ಲಸ್ಸಿಗೆ ಪ್ಲಸ್ ಕೊಟ್ಟಾಗ ಕೋನ್ ಹೊರಗೆ ಬರಬೇಕು. ಒಂದು ಬಾಗಿಲಿನದು ಹೊರಗೆ, ಇನ್ನೊಂದು ಬಾಗಿಲಿನದು ಒಳಗೆ ಹೋಗುವ ಹಾಗೆ ವೈರ್ ತಿರುಗಾ ಮುರುಗಾ ಜೋಡಿಸಿದ್ದರೆ ಬಾಸ್ ಸಪ್ಪಗಾಗುತ್ತದೆ. ಆಗ ಡ್ರೈವರ್ ಬಾಸ್ ಏರಿಸುತ್ತಾನೆ, ಏರಿಸಿದ್ದಕ್ಕೆ ದನಿ ಒಡೆಯುತ್ತದೆ. ಮೂಲ ತಪ್ಪು ವೈರ್ ಅದಲು ಬದಲಾದದ್ದು.

ಮಲ್ಟಿಮೀಟರ್ ಇದ್ದರೆ 4 ಓಮ್ ಅಂತ ಬರೆದ ಸ್ಪೀಕರ್ 3ರಿಂದ 4ರೊಳಗೆ ತೋರಿಸಬೇಕು. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಕೋನ್ ಒತ್ತಿದಾಗ ಅಂಕಿ ಹಾರಾಡಿದರೆ ಕೋನಿಗೆ ಹೋಗುವ ಜಡೆಯಂಥ ಸಣ್ಣ ತಂತಿ ಮುರಿಯುತ್ತಿದೆ. ಅದನ್ನು ಬೆಸುಗೆ ಹಾಕಿದರೆ ಸಾಕು.

ಕೋನ್ ಹರಿದಿದ್ದರೆ, ಹರಿತ ಸಣ್ಣದಿದ್ದರೆ, ತೆಳ್ಳಗಿನ ಟಿಶ್ಯೂ ಕಾಗದವನ್ನು ಬಿಳಿ ಫೆವಿಕಾಲಿನಲ್ಲಿ ಅದ್ದಿ ಎರಡೂ ಕಡೆ ಅಂಟಿಸಿ ಒಂದು ರಾತ್ರಿ ಒಣಗಲು ಬಿಡಿ. ಇದು ಕಾಗದದ ಕೋನಿಗೆ. ಸುತ್ತಲಿನ ರಬ್ಬರ್ ಅಂಚಿಗೆ ರಬ್ಬರ್ ಅಂಟೇ ಬೇಕು. ಫೆವಿಕ್ವಿಕ್ ಹಾಕಬೇಡಿ. ಅದು ಕಲ್ಲಿನಂತೆ ಗಟ್ಟಿಯಾಗುತ್ತದೆ, ಬಾಗಬೇಕಾದ ಅಂಚು ಬಾಗದೆ ಪಕ್ಕದಲ್ಲೇ ಇನ್ನೊಂದು ಕಡೆ ಸೀಳುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ಗ್ಲಾಸ್ ಏರಿಸಿ ನಿಲ್ಲಿಸಿದ ಕ್ಯಾಬಿನ್ ಒಳಗೆ ಇನ್ನೂ ಜಾಸ್ತಿ. ಫೋಮಿನ ಅಂಚು ಇರುವ ಸ್ಪೀಕರ್ ಇಲ್ಲಿ ಬಹಳ ದಿನ ಬಾಳುವುದಿಲ್ಲ. ಬದಲಿಸಲೇಬೇಕಾದರೆ ರಬ್ಬರ್ ಅಂಚಿನದು ಕೇಳಿ ತನ್ನಿ.

ಬದಲಿಸಲೇಬೇಕಾದ ಸ್ಪೀಕರುಗಳೂ ಇವೆ. ಸುರುಳಿ ಸುಟ್ಟ ವಾಸನೆ ಬಂದಿದ್ದರೆ, ಕೋನ್ ಕೊಳೆತು ಪುಡಿಯಾಗುತ್ತಿದ್ದರೆ, ಹಿಂದಿನ ಕಬ್ಬಿಣದ ಬುಟ್ಟಿ ಬಗ್ಗಿದ್ದರೆ, ಸಣ್ಣ ಸ್ಪೀಕರಿಗೆ ಹೊಸ ಸುರುಳಿ ಕಟ್ಟಿಸುವ ಖರ್ಚು ಹೊಸದರಷ್ಟೇ ಆಗುತ್ತದೆ. ಅಲ್ಲಿ ದುರಸ್ತಿಯ ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ.

ಆದರೆ ಆ ಸುರುಳಿ ಸುಟ್ಟಿದ್ದು ಯಾಕೆ? ಇಲ್ಲಿ ನಮ್ಮ ಹುಡುಗರಿಗೆ ಸ್ವಲ್ಪ ಖಾರವಾಗಿ ಹೇಳಬೇಕಾಗಿದೆ. ಸೆಟ್ಟಿನ ಡಬ್ಬಿಯ ಮೇಲೆ "50 ವಾಟ್, ನಾಲ್ಕು ಸ್ಪೀಕರ್" ಅಂತ ದೊಡ್ಡದಾಗಿ ಬರೆದಿರುತ್ತದೆ. 12 ವೋಲ್ಟ್ ಬ್ಯಾಟರಿಯ ಮೇಲೆ ನಡೆಯುವ ಸಾದಾ ಸೆಟ್ಟು 4 ಓಮ್ ಸ್ಪೀಕರಿಗೆ ಸ್ವಚ್ಛವಾಗಿ ಕೊಡಬಲ್ಲದ್ದು 20 ವಾಟ್ ಆಸುಪಾಸು ಮಾತ್ರ. ಅದು ವೋಲ್ಟೇಜಿನ ಲೆಕ್ಕ, ಡಬ್ಬಿಯ ಮೇಲೆ ಏನು ಬರೆದರೂ ಬದಲಾಗುವುದಿಲ್ಲ. ಬಾಸನ್ನು 3 ಡೆಸಿಬಲ್ ಏರಿಸಿದರೆ ಆ ದನಿಗೆ ಎರಡು ಪಟ್ಟು ಶಕ್ತಿ ಬೇಕು. 10 ಏರಿಸಿದರೆ ಹತ್ತು ಪಟ್ಟು. ಸೆಟ್ಟಿನ ಹತ್ತಿರ ಅಷ್ಟು ಇಲ್ಲ. ಇಲ್ಲದ್ದನ್ನು ಕೇಳಿದಾಗ ಅದು ದನಿಯ ಅಲೆಯ ತಲೆ ಕತ್ತರಿಸಿ ಕಳಿಸುತ್ತದೆ. ನಮಗೆ ಕೇಳುವ ಒಡಕು ಅದೇ. ಹೀಗೆ ಕತ್ತರಿಸಿದ ಅಲೆ ಸ್ಪೀಕರಿನ ಸುರುಳಿಯನ್ನು ಇನ್ನೂ ಕಾಯಿಸುತ್ತದೆ. ಚಿಕ್ಕ ಟ್ವೀಟರ್ ಇದ್ದರೆ ಮೊದಲು ಸಾಯುವುದು ಅದು. ಒಡಕು ಬಂದಾಗ ಸೌಂಡ್ ಏರಿಸುವುದು ಅಂದರೆ ಉರಿಯುವ ಬಣವಿಗೆ ಗಾಳಿ ಹಾಕಿದ ಹಾಗೆ.

ಇನ್ನೊಂದು ಚಟ, ಸೀಟಿನ ಹಿಂದೆ ಒಂದು ಬಾಕ್ಸ್ ಇಟ್ಟು ಅದರ ವೈರನ್ನು ಬಾಗಿಲಿನ ಸ್ಪೀಕರಿನ ವೈರಿಗೇ ಸುತ್ತುವುದು. 4 ಓಮಿನವು ಎರಡು ಹೀಗೆ ಒಂದೇ ಕಡೆ ಸೇರಿದರೆ ಸೆಟ್ಟಿಗೆ ಅದು 2 ಓಮ್. ಅರ್ಧ ತಾಸಿಗೆ ಸೆಟ್ಟು ಕೆಂಡದಂತೆ ಕಾಯುತ್ತದೆ, ಎಲ್ಲ ಸ್ಪೀಕರಿನ ದನಿಯೂ ಒಡೆಯುತ್ತದೆ. ಬಾಕ್ಸ್ ಬೇಕೇಬೇಕು ಅಂದರೆ ಅದಕ್ಕೆ ಬೇರೆ ಆಂಪ್ಲಿಫೈಯರ್ ಬೇಕು, ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ ಬೇಕು. ಕಂತು ಕಟ್ಟುವ ಗಾಡಿಗೆ ಅದೆಲ್ಲ ಬೇಕಾ ಅನ್ನುವುದು ನಿಮ್ಮ ಮನೆಯವರು ಕೇಳಬೇಕಾದ ಪ್ರಶ್ನೆ. ಕಿವಿಯ ಮಾತೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ದನಿಯನ್ನು ವಾರಕ್ಕೆ 40 ತಾಸು ಕೇಳಬಹುದು, 90 ಆದರೆ 4 ತಾಸು ಮಾತ್ರ. ಮದುವೆ ಮುಂದೆ ಎರಡೂ ಬಾಗಿಲು ತೆರೆದಿಟ್ಟು ರಾತ್ರಿ ಹನ್ನೊಂದಕ್ಕೆ ಹಾಡು ಬಿಡುವವರಿಗೆ 2000ದ ಶಬ್ದ ಮಾಲಿನ್ಯ ನಿಯಮ ನೆನಪಿಸುತ್ತೇನೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಗದ್ದಲ ಮಾಡುವಂತಿಲ್ಲ.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ಅಂಗಡಿಯವರು ಯಾಕೆ ಹುಡುಕುವುದಿಲ್ಲ? ಎಲ್ಲರೂ ಅವರನ್ನು ಕಳ್ಳರು ಅನ್ನುತ್ತಾರೆ, ನಾನು ಹಾಗೆ ಹೇಳಲಾರೆ. ಅವರ ಕಡೆ ನಿಂತು ನೋಡಿ. ಮೆಕ್ಯಾನಿಕ್ ಒಬ್ಬ ಒಂದು ತಾಸು ಕೂತು, ಬಾಗಿಲು ಬಿಚ್ಚಿ, ಕೀಲಿನ ರಬ್ಬರಿನೊಳಗೆ ಕೈ ಹಾಕಿ, ಮುರಿದ ಎಳೆ ಹುಡುಕಿ, ಬೆಸುಗೆ ಹಾಕಿ ಕೊಟ್ಟ ಅಂತ ಇಟ್ಟುಕೊಳ್ಳಿ. ಇನ್ನೂರು ರೂಪಾಯಿ ಕೇಳಿದರೆ ನಮ್ಮವರ ಬಾಯಲ್ಲಿ ಬರುವ ಮಾತು ಯಾವುದು? "ಏನ್ ಹಾಕೀಯಪ ನೀನು, ಒಂದ್ ವೈರ್ ಜೋಡಿಸಿದ್ದಕ್ಕ ಇನ್ನೂರಾ?" ಅದೇ ಅವನು ಹತ್ತು ನಿಮಿಷದಲ್ಲಿ ಹೊಳೆಯುವ ಹೊಸ ಜೋಡಿ ಕೂರಿಸಿ ಎರಡು ಸಾವಿರ ಕೇಳಿದರೆ ನೂರು ಕಡಿಮೆ ಮಾಡಿಸಿ ಖುಷಿಯಿಂದ ಕೊಟ್ಟು ಬರುತ್ತೇವೆ. ಕಣ್ಣಿಗೆ ಕಾಣುವ ವಸ್ತುವಿಗೆ ದುಡ್ಡು, ತಲೆಯೊಳಗಿನ ವಿದ್ಯೆಗೆ ಇಲ್ಲ. ಹೀಗಿರುವಾಗ ಅವನು ಹುಡುಕುತ್ತಾ ಕೂರಲು ಅವನಿಗೇನು ಹುಚ್ಚಾ?

ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರು ನಮ್ಮ ಸಣ್ಣ ಊರುಗಳಲ್ಲೂ ಇದ್ದರು. ಬೆಸುಗೆಯ ಹೊಗೆ, ಮೇಜಿನ ಮೇಲೆ ಬಿಚ್ಚಿಟ್ಟ ಸೆಟ್ಟು, ಪಕ್ಕದಲ್ಲಿ ಕಾಯುತ್ತಾ ಕೂತ ಗಿರಾಕಿ. ಇವತ್ತು ಅಂಥ ಅಂಗಡಿಗಳಲ್ಲಿ ಮೊಬೈಲ್ ಕವರು ತೂಗಾಡುತ್ತಿವೆ. ಕಾಲ ಬದಲಾಯಿತು ಅಂತ ಸುಮ್ಮನಾಗುವುದು ಸುಲಭ. ಆದರೆ ಆ ಕಸುಬು ತಾನಾಗಿ ಸಾಯಲಿಲ್ಲ, ನಮ್ಮ ಚೌಕಾಸಿಯ ಪಾಲೂ ಅದರಲ್ಲಿದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಒಂದು ಪೋರ್ಟಲ್ಲೂ ಬಂತು. ಕೃಷಿ ಯಂತ್ರ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಮನೆಬಳಕೆಯ ಯಂತ್ರಗಳು, ವಾಹನ ಅಂತ ನಾಲ್ಕು ಕ್ಷೇತ್ರಗಳನ್ನು ಆರಿಸಿಕೊಂಡಿದ್ದಾರೆ. ಒಳ್ಳೆಯದೇ. ಕಂಪನಿಗಳು ಬಿಡಿಭಾಗ ಕೊಡಬೇಕು, ಮಾಹಿತಿ ಕೊಡಬೇಕು. ಆದರೆ ದೆಹಲಿಯಿಂದ ಹಕ್ಕು ಬಂದರೂ ಅದನ್ನು ಬಳಸುವ ಕೈ ಗಬ್ಬೂರಿನಲ್ಲೋ ಮಾನ್ವಿಯಲ್ಲೋ ಇರಬೇಕಲ್ಲ. ಆ ಕೈಗೆ ಕೂಲಿ ಕೊಡುವವರು ನಾವೇ.

ನಾನು ಹೇಳುವುದು ಹೀಗೆ. ಅಂಗಡಿಗೆ ಹೋದಾಗ "ಹೊಸಾದು ಹಾಕ್ರಿ" ಅನ್ನಬೇಡಿ. "ಎಲ್ಲಿ ತಪ್ಪು ಅದ ನೋಡ್ರಿ, ನೋಡಿದ್ದಕ್ಕ ಇಷ್ಟು ಕೊಡ್ತೀನಿ" ಅಂತ ಮೊದಲೇ ಮಾತಾಡಿ. ತಪ್ಪು ಏನೇ ಇರಲಿ, ನೋಡಿದ ಕೂಲಿ ಬೇರೆ, ಸಾಮಾನಿನ ದುಡ್ಡು ಬೇರೆ. ಬದಲಿಸಿದರೆ ಹಳೆಯ ಸ್ಪೀಕರ್ ವಾಪಸ್ ಕೇಳಿ ಇಸಿದುಕೊಳ್ಳಿ. ನಿಮ್ಮೆದುರೇ ಎಡ ಬಲ ಬದಲಿಸಿ ತೋರಿಸಲು ಹೇಳಿ. ಚೆನ್ನಾಗಿ ಹುಡುಕಿ ಕೊಟ್ಟವನ ಹೆಸರನ್ನು ಡ್ರೈವರ್‌ಗಳ ವಾಟ್ಸಾಪ್ ಗುಂಪಿನಲ್ಲಿ ಹಾಕಿ. ನಾಲ್ಕು ಜನ ಹೀಗೆ ಮಾಡಿದರೂ ಐಟಿಐ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಲು ನಿಂತ ಒಬ್ಬ ಹುಡುಗ ಇಲ್ಲೇ ಮೀಟರ್ ಹಿಡಿದು ಕೂರಬಹುದು.

ಎಲ್ಲ ಸರಿಯಾದ ಮೇಲೆ ಬಾಗಿಲು ಮುಚ್ಚುವ ಮುಂಚೆ ಇನ್ನೆರಡು ಕೆಲಸ ಉಳಿದಿರುತ್ತವೆ. ಹೊದಿಕೆಯ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಸ್ಪೀಕರ್ ಕೂರಿಸುವ ಅವಸರದಲ್ಲಿ ಅದನ್ನು ಹರಿದು ಬಿಸಾಡಿರುತ್ತಾರೆ. ಗ್ಲಾಸಿನ ಸಂದಿಯಿಂದ ಇಳಿಯುವ ಮಳೆನೀರು ಸ್ಪೀಕರಿಗೆ, ಹೊದಿಕೆಗೆ ತಾಗದಂತೆ ತಡೆಯುವುದು ಆ ಹಾಳೆಯೇ. ಹರಿದಿದ್ದರೆ ದಪ್ಪ ಪಾಲಿಥಿನ್ ಕತ್ತರಿಸಿ ಅಂಟಿಸಿ. ಬಾಗಿಲಿನ ತಳದಲ್ಲಿ ನೀರು ಹೋಗುವ ಸಣ್ಣ ತೂತುಗಳಲ್ಲಿ ಕೆಸರು ಕಟ್ಟಿರುತ್ತದೆ, ಕಡ್ಡಿಯಿಂದ ಬಿಡಿಸಿ. ಆಮೇಲೆ ಗ್ಲಾಸನ್ನು ಪೂರ್ತಿ ಕೆಳಗಿಳಿಸಿ ನೋಡಿ. ಹೊಸ ಸ್ಪೀಕರಿನ ಅಯಸ್ಕಾಂತ ದಪ್ಪ ಇದ್ದರೆ ಗ್ಲಾಸ್ ಅರ್ಧಕ್ಕೆ ಬಂದು ಅದಕ್ಕೆ ಬಡಿಯುತ್ತದೆ. ಬಡಿಯಲಿಲ್ಲ ಅಂತ ಖಾತ್ರಿಯಾದ ಮೇಲೆ ಕೊನೆಯ ಸ್ಕ್ರೂ ಬಿಗಿಯಿರಿ.